ಕಡಲ ಕೆಸರಿಗೆ ಯೂರಿಯಾ ಉಂಡೆ

ಗೋಡೆಯ ಆ ಕಡೆ ಬುಟ್ಟಿ ಮಗುಚಿದ ಸದ್ದಾದರೆ ಸಾಕು, ದೊಡ್ಡ ಸೊಸೆಯ ಕಿವಿ ನಿಮಿರುತ್ತಿತ್ತು.

ಮನೆ ಒಂದೇ. ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಈ ಕಡೆ ದೊಡ್ಡ ಸೊಸೆಯ ಅಡುಗೆಮನೆ, ಆ ಕಡೆ ಚಿಕ್ಕ ಸೊಸೆಯದು. ಗೋಡೆ ಸೂರಿನವರೆಗೆ ಏರಿರಲಿಲ್ಲ. ಹಾಗಾಗಿ ಅಲ್ಲಿನ ಹೊಗೆ ಇಲ್ಲಿನ ಮೂಗಿಗೂ, ಇಲ್ಲಿನ ಗೊಣಗಾಟ ಅಲ್ಲಿನ ಕಿವಿಗೂ ಸಲೀಸಾಗಿ ದಾಟುತ್ತಿದ್ದವು. ಅತ್ತೆ ಮಾತ್ರ ಎರಡೂ ಕಡೆಯವರು. ಬೆಳಿಗ್ಗೆ ಇಲ್ಲಿ ತಿಂದು, ಮಧ್ಯಾಹ್ನ ಅಲ್ಲಿ ಉಂಡು, ಒಬ್ಬಳ ಮಾತಿನ ಬಗ್ಗೆ ಇನ್ನೊಬ್ಬಳ ಹತ್ತಿರ ತುಟಿ ಪಿಟಕ್ಕೆನ್ನದೆ ಇದ್ದುಬಿಡುತ್ತಿದ್ದರು.

ಇಬ್ಬರು ಸೊಸೆಯಂದಿರ ಕಸುಬೂ ಒಂದೇ, ಕಪ್ಪೆಚಿಪ್ಪು ಬೆಳೆಯುವುದು. ಊರ ಹೊಳೆ ಕಡಲು ಸೇರುವ ಜಾಗದಲ್ಲಿ ನೀರು ಇಳಿದಾಗ ದೊಡ್ಡದೊಂದು ಕೆಸರು ಬಯಲು ತೆರೆದುಕೊಳ್ಳುತ್ತದೆ. ಊರ ಹೆಂಗಸರು ಅಲ್ಲಿ ಕೋಲು ನೆಟ್ಟು, ಸುತ್ತ ಗಿಡ್ಡ ಬಲೆ ಕಟ್ಟಿ, ತಮ್ಮ ತಮ್ಮ ಪಾತಿ ಮಾಡಿಕೊಂಡಿದ್ದಾರೆ. ಪಾತಿಯೊಳಗೆ ಮರಿಚಿಪ್ಪು ಬಿಡುವುದು, ಅವು ಕೆಸರಿನಲ್ಲಿ ಹುದುಗಿ ಬೆಳೆದು ದಪ್ಪವಾದ ಮೇಲೆ ಕೈಕುಂಟೆಯಿಂದ ಕೆದಕಿ ತೆಗೆಯುವುದು. ದೊಡ್ಡ ಸೊಸೆಯ ಪಾತಿಯೂ ಚಿಕ್ಕ ಸೊಸೆಯ ಪಾತಿಯೂ ಅಕ್ಕಪಕ್ಕ. ಮನೆಯಲ್ಲಿ ಗೋಡೆಯಾದರೂ ಇತ್ತು, ಇಲ್ಲಿ ಅದೂ ಇಲ್ಲ.

ಸಣ್ಣ ಚಿಪ್ಪು ಬುಟ್ಟಿಯಿಂದ ಬಿದ್ದರೆ ಜಲ್ಲಿ ಸುರಿದ ಹಾಗೆ ಗರಗರ ಸದ್ದು. ದಪ್ಪ ಚಿಪ್ಪು ಬಿದ್ದರೆ ದಡದಡ ಸದ್ದು. ಚಿಕ್ಕವಳ ಅಡುಗೆಮನೆಯಿಂದ ಈಚೆಗೆ ದಡದಡ ಕೇಳಿಸುತ್ತಿತ್ತು. ದೊಡ್ಡವಳ ಬುಟ್ಟಿ ಇನ್ನೂ ಗರಗರದಲ್ಲೇ ಇತ್ತು. ಆ ಸದ್ದು ಕೇಳಿದ ದಿನ ಅವಳು ಊಟವನ್ನು ಅರ್ಧಕ್ಕೇ ಬಿಡುತ್ತಿದ್ದಳು.

"ಕೇಳಿಸ್ತಾ?" ಎಂದು ಗಂಡನನ್ನು ತಿವಿದಳು.

ಗಂಡ ಹೊಳೆಯ ದಂಡೆಯಲ್ಲಿ ಸೊಪ್ಪು ತರಕಾರಿ ಬೆಳೆಯುವವನು. ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. "ಏನು?"

"ಚಿಪ್ಪು. ಅವಳದು. ಒಂದೊಂದೂ ಅಂಗೈ ತುಂಬೋ ಹಾಗಿದೆ."

"ಗೋಡೆ ಆಚೆ ಬಿದ್ದಿದ್ದು ಅಂಗೈ ತುಂಬುತ್ತೋ ಇಲ್ವೋ ನಿನಗೆ ಹೇಗೆ ಗೊತ್ತು?"

"ಗೊತ್ತಾಗುತ್ತೆ. ಹೊಟ್ಟೆ ಉರಿದಾಗ ಎಲ್ಲಾ ಗೊತ್ತಾಗುತ್ತೆ" ಎಂದಳು ದೊಡ್ಡ ಸೊಸೆ. ಮುಚ್ಚಿಟ್ಟುಕೊಳ್ಳುವ ಜಾಯಮಾನ ಅವಳದಲ್ಲ. ಹೊಟ್ಟೆಕಿಚ್ಚನ್ನು ಒಪ್ಪಿಕೊಳ್ಳುವವರು ಊರಲ್ಲಿ ಕಡಿಮೆ, ಅಷ್ಟರಮಟ್ಟಿಗೆ ಅವಳನ್ನು ಮೆಚ್ಚಬೇಕು.

ಅಂದಿನಿಂದ ಅವಳು ಓರಗಿತ್ತಿಯ ಮೇಲೆ ಒಂದು ಕಣ್ಣಿಟ್ಟಳು. ಒಂದಲ್ಲ, ಎರಡನ್ನೂ ಇಟ್ಟಳು. ನೀರು ಇಳಿಯುವ ಹೊತ್ತಿಗೆ ಚಿಕ್ಕವಳು ಕೈಯಲ್ಲಿ ಬಕೆಟ್ ಹಿಡಿದು ಹೊರಡುತ್ತಿದ್ದಳು. ಬಕೆಟ್ ಬಾಯಿಗೆ ಬಟ್ಟೆ ಕಟ್ಟಿರುತ್ತಿತ್ತು. ಚಿಪ್ಪು ತೆಗೆಯಲು ಹೋಗುವವರಿಗೆ ಬುಟ್ಟಿ ಬೇಕು, ಕುಂಟೆ ಬೇಕು. ಬಕೆಟ್ ಯಾಕೆ? ಅದಕ್ಕೆ ಬಟ್ಟೆ ಯಾಕೆ? ದೊಡ್ಡ ಸೊಸೆ ಪಾತ್ರೆ ತಿಕ್ಕುತ್ತಾ ಯೋಚಿಸಿದಳು, ಬಟ್ಟೆ ಒಗೆಯುತ್ತಾ ಯೋಚಿಸಿದಳು. ಕೊನೆಗೆ ತಾನೇ ತೀರ್ಮಾನಕ್ಕೆ ಬಂದಳು. ಅವಳು ಪಾತಿಗೆ ಏನೋ ಹಾಕುತ್ತಿದ್ದಾಳೆ, ಯಾರಿಗೂ ಹೇಳದೆ.

"ರೀ, ನಿಮ್ಮ ಸೊಪ್ಪು ಬಿಳಿಚಿಕೊಂಡ್ರೆ ಏನ್ಮಾಡ್ತೀರಿ?" ಎಂದು ಗಂಡನನ್ನು ಕೇಳಿದಳು.

"ಒಂದು ಹಿಡಿ ಯೂರಿಯಾ ಎರಚ್ತೀನಿ."

"ಆಮೇಲೆ?"

"ವಾರದಲ್ಲಿ ಕಡುಹಸುರು ತಿರುಗುತ್ತೆ."

"ಮತ್ತೆ ಚಿಪ್ಪಿಗೂ ಅದೇ ತಾನೇ? ಮಣ್ಣಲ್ಲಿ ಬೆಳೆಯೋದು ಸೊಪ್ಪು, ಕೆಸರಲ್ಲಿ ಬೆಳೆಯೋದು ಚಿಪ್ಪು. ಹೊಟ್ಟೆ ಎಲ್ಲಕ್ಕೂ ಇದೆ."

ಗಂಡ ನಕ್ಕ. "ಹಾಕಿದ ಅರ್ಧ ಗಳಿಗೆಗೆ ಉಬ್ಬರದ ನೀರು ಬಂದು ತೊಳ್ಕೊಂಡು ಹೋಗುತ್ತೆ ಕಣೇ."

ಅಲ್ಲಿಗೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕಸುಬುಗಾರನಿಗೆ ತನ್ನ ಕಸುಬಿನ ಪ್ರಶ್ನೆ ಕೇಳಿದರೆ ಸುಮ್ಮನಿರಲು ಆಗುವುದಿಲ್ಲ. ತಲೆ ಕೆರೆದುಕೊಂಡು, "ನೀರು ನಿಲ್ಲೋ ಗದ್ದೇಲಿ ನಾವು ಒಂದು ಉಪಾಯ ಮಾಡ್ತೀವಿ. ಯೂರಿಯಾನ ಮಣ್ಣಿನ ಉಂಡೆಯೊಳಗೆ ಇಟ್ಟು ಬೇರಿನ ಹತ್ತಿರ ಊರ್ತೀವಿ. ನಿಧಾನಕ್ಕೆ ಕರಗುತ್ತೆ, ಕೊಚ್ಕೊಂಡು ಹೋಗಲ್ಲ" ಎಂದ.

ದೊಡ್ಡ ಸೊಸೆಗೆ ಅಷ್ಟು ಸಾಕಾಯಿತು. ತೋಟದಿಂದ ಕೆಮ್ಮಣ್ಣು ತಂದು ಕಲಸಿದಳು. ಹಿಟ್ಟಿನ ಉಂಡೆ ಕಟ್ಟಿ ಪಳಗಿದ ಕೈ, ಉಂಡೆಗಳು ಒಂದೇ ಅಳತೆಯವು ಬಂದವು. ಪ್ರತಿ ಉಂಡೆಯ ಹೊಟ್ಟೆಯಲ್ಲಿ ಯೂರಿಯಾ. ನೀರು ಇಳಿದು ಬೇರೆ ಹೆಂಗಸರು ಇನ್ನೂ ಬಾರದ ಹೊತ್ತಿನಲ್ಲಿ ಪಾತಿಗೆ ಹೋಗಿ, ಚಿಪ್ಪುಗಳ ನಡುನಡುವೆ ಹೆಬ್ಬೆರಳಿನಿಂದ ಒತ್ತಿ ಊರಿದಳು. ಪಕ್ಕದ ಪಾತಿಯತ್ತ ಒಮ್ಮೆ ನೋಡಿ, "ಈಗ ಬಾ" ಎಂದು ಗಾಳಿಗೆ ಹೇಳಿದಳು.

ಸ್ವಲ್ಪ ದಿನಕ್ಕೆ ಪಾತಿಯ ಮೇಲೆ ತೆಳ್ಳಗೆ ಹಸುರು ಹರಡಿತು. ದೊಡ್ಡ ಸೊಸೆಯ ಸಂಭ್ರಮ ನೋಡಬೇಕಿತ್ತು. ಹಸುರು ಕಂಡರೆ ಬೆಳೆ ಎಂದುಕೊಳ್ಳುವ ಮನೆಯವಳು ಅವಳು. ಆ ಹಸುರು ದಪ್ಪವಾಯಿತು, ಕಂಬಳಿಯ ಹಾಗೆ ಹೊದ್ದುಕೊಂಡಿತು. ಅದರಡಿಯ ಕೆಸರು ಕಪ್ಪಾಯಿತು. ಅದಕ್ಕೂ ಅವಳು ಖುಷಿಪಟ್ಟಳು. ಕಪ್ಪು ಮಣ್ಣು ಅಂದರೆ ಕಸುವಿನ ಮಣ್ಣು, ತೋಟದಲ್ಲಿ ಹಾಗೇ ಅಲ್ಲವೇ?

ಆಮೇಲೆ ವಾಸನೆ ಶುರುವಾಯಿತು, ಕೊಳೆತ ಮೊಟ್ಟೆಯ ವಾಸನೆ. ಒಂದು ಬೆಳಿಗ್ಗೆ ಕುಂಟೆ ಹಾಕಿ ಎಳೆದರೆ ಚಿಪ್ಪುಗಳು ಬಾಯಿ ತೆರೆದುಕೊಂಡು ಬಂದವು. ಬದುಕಿದ ಚಿಪ್ಪು ಬೆರಳು ತಾಗಿಸಿದರೆ ಪಟ್ಟನೆ ಮುಚ್ಚಿಕೊಳ್ಳುತ್ತದೆ. ಇವು ಮುಚ್ಚಿಕೊಳ್ಳಲಿಲ್ಲ. ಇನ್ನೊಂದು ಕಡೆ ಎಳೆದಳು, ಅಲ್ಲೂ ಹಾಗೇ. ಪಾತಿಯ ಮಧ್ಯದಲ್ಲಿ ಮೊಣಕಾಲೂರಿ ಕುಳಿತುಬಿಟ್ಟಳು. ಆ ಪಾತಿ ಅವಳದೇ ದುಡಿಮೆ, ಮನೆಯಲ್ಲಿ ಅವಳ ಮಾತಿಗೆ ತೂಕ ಬಂದದ್ದೇ ಅದರಿಂದ. ಅದು ಹೋದರೆ ತನಗೆ ಏನೂ ಇಲ್ಲ ಎಂದು ಅವಳಿಗೆ ಆ ಕ್ಷಣ ತಿಳಿಯಿತು.

ಆಗ ಅವಳಿಗೆ ಉಂಡೆಗಳ ನೆನಪಾಯಿತೇ? ಇಲ್ಲ. ಪಕ್ಕದ ಪಾತಿ ಕಾಣಿಸಿತು. ಅಲ್ಲಿ ಚಿಪ್ಪುಗಳು ಚೆನ್ನಾಗಿಯೇ ಇದ್ದವು.

ಚಿಪ್ಪು ತೊಳೆಯುವ ಶೆಡ್ಡಿನಲ್ಲಿ ಹೆಂಗಸರ ಸಂಘ ಸೇರಿತ್ತು. ಸಿಮೆಂಟಿನ ತೊಟ್ಟಿಗಳು, ರಬ್ಬರ್ ಪೈಪು, ಮೂಲೆಯಲ್ಲಿ ಒದ್ದೆ ಬುಟ್ಟಿಗಳ ರಾಶಿ. ಸಂಘಕ್ಕೆ ಹಿರಿಯರು ಅತ್ತೆಯೇ. ಕೆಸರು ಕೆಡಿಸಿದವರ ಪಾತಿಯನ್ನು ಸಂಘ ವಾಪಸ್ ತೆಗೆದುಕೊಳ್ಳುತ್ತದೆ ಎಂಬುದು ಅಲ್ಲಿನ ಕಟ್ಟಳೆ.

"ನನ್ನ ಪಾತಿ ಸತ್ತುಹೋಯ್ತು. ಯಾರು ಕೊಂದ್ರು ಅಂತ ಅವಳನ್ನ ಕೇಳಿ" ಎಂದು ದೊಡ್ಡ ಸೊಸೆ ಓರಗಿತ್ತಿಯತ್ತ ಬೆರಳು ಮಾಡಿದಳು. "ದಿನಾ ಬಕೆಟ್‌ಗೆ ಬಟ್ಟೆ ಮುಚ್ಕೊಂಡು ಹೋಗ್ತಾಳೆ. ತನ್ನ ಪಾತಿಗೆ ಅಮೃತ, ನನ್ನ ಪಾತಿಗೆ ವಿಷ. ಅವಳ ಪಾತಿ ಕಿತ್ಕೊಳ್ಳಿ."

ಎಲ್ಲರೂ ಚಿಕ್ಕ ಸೊಸೆಯ ಕಡೆ ತಿರುಗಿದರು. ಅವಳ ಮುಖ ಕೆಂಪಾಯಿತು. "ಅಕ್ಕ, ನಾನು ವಿಷ ಹಾಕಿಲ್ಲ" ಎಂದಳು ಅಷ್ಟೇ.

"ಮತ್ತೆ ಬಕೆಟಲ್ಲಿ ಏನು?"

ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಶೆಡ್ಡಿನಲ್ಲಿ ಗುಸುಗುಸು ಎದ್ದಿತು. ಸುಮ್ಮನಿದ್ದವರನ್ನು ತಪ್ಪಿತಸ್ಥರು ಎಂದುಕೊಳ್ಳುವುದು ಎಷ್ಟು ಸುಲಭ ನೋಡಿ.

ಅತ್ತೆ ಇಬ್ಬರ ಮುಖವನ್ನೂ ನೋಡಿದರು. "ಬಾಯಿ ಮಾತು ಬೇಡ. ಕೆಸರನ್ನೇ ಕೇಳೋಣ. ಕೆಸರು ಮೇಡಂನ ಕರೀರಿ" ಎಂದರು.

ಕೆಸರು ಮೇಡಂ ಎಂದರೆ ಕಡಲ ತಳವನ್ನು ಓದುವ ಕೆಲಸದವರು. ಬಂದರಿನ ಹತ್ತಿರದ ಪ್ರಯೋಗಾಲಯದಿಂದ ಆಗಾಗ ಬಂದು ಬಯಲಿನ ಕೆಸರನ್ನು ಕೊಳವೆಯಲ್ಲಿ ತುಂಬಿಸಿ ಒಯ್ಯುತ್ತಿದ್ದರು. ಮೀನು ಬಿಟ್ಟು ಕೆಸರು ಒಯ್ಯುವವರು ಎಂದು ಮೊದಮೊದಲು ಎಲ್ಲರೂ ನಗುತ್ತಿದ್ದರು. ಅವರೂ ನಕ್ಕು, "ಮೀನು ಓಡಿಹೋಗುತ್ತೆ, ಕೆಸರು ಕೂತಲ್ಲೇ ಇದ್ದು ಎಲ್ಲಾ ನೆನಪಿಟ್ಕೊಂಡಿರುತ್ತೆ" ಎನ್ನುತ್ತಿದ್ದರು. ಆ ದಿನ ಅವರು ಬಯಲಿನ ಆ ತುದಿಯಲ್ಲೇ ಇದ್ದರು. ಮೊಣಕಾಲವರೆಗೆ ಬೂಟು, ಭುಜದ ಮೇಲೆ ಚೀಲ.

ಹೆಂಗಸರೆಲ್ಲ ಪಾತಿಗೆ ನಡೆದರು. ತೋಟದಿಂದ ಬಂದ ದೊಡ್ಡ ಸೊಸೆಯ ಗಂಡನೂ ಹಿಂದೆ ನಿಂತ. ಮೇಡಂ ಒಂದು ಪಾರದರ್ಶಕ ಕೊಳವೆಯನ್ನು ಸತ್ತ ಪಾತಿಯ ಕೆಸರಿಗೆ ಇಳಿಸಿ, ಮೇಲೆ ರಬ್ಬರ್ ಬಿರಡೆ ಒತ್ತಿ, ಮೆಲ್ಲಗೆ ಎಳೆದರು. ಕೊಳವೆಯೊಳಗೆ ಕೆಸರು ಪದರ ಪದರವಾಗಿ ಕಾಣಿಸಿತು. ಮೇಲೆ ಕೊಳೆತ ಪಾಚಿ, ಅದರ ಕೆಳಗೆ ಮಸಿಗಪ್ಪು, ತೀರಾ ತಳದಲ್ಲಿ ಬೂದು ಬಣ್ಣ. ಮಸಿಗಪ್ಪಿನ ನಡುವೆ ಒಂದು ಕೆಂಪು ಉಂಡೆ.

"ಇದೇನಿದು, ಕಡಲ ಕೆಸರಲ್ಲಿ ಕೆಮ್ಮಣ್ಣು?" ಎಂದು ಮೇಡಂ ಬೆರಗಾದರು.

ಆ ಊರಲ್ಲಿ ಕೆಮ್ಮಣ್ಣು ಇರುವುದು ಹೊಳೆ ದಂಡೆಯ ಒಂದೇ ತೋಟದಲ್ಲಿ. ತೋಟದವನು ತನ್ನ ಕಾಲಿನ ಹೆಬ್ಬೆರಳನ್ನು ನೋಡತೊಡಗಿದ. ದೊಡ್ಡ ಸೊಸೆಗೆ ನೆಲ ಬಾಯಿ ಬಿಟ್ಟರೆ ಸಾಕು ಎನ್ನಿಸಿತು.

"ನಾನೇ ಊರಿದ್ದು" ಎಂದಳು ಕೊನೆಗೆ. "ಯೂರಿಯಾ. ಚಿಪ್ಪು ದಪ್ಪ ಆಗಲಿ ಅಂತ. ಇವಳೂ ಏನೋ ಹಾಕ್ತಾಳಲ್ಲ ಅಂತ."

ಮೇಡಂ ಬೈಯಲಿಲ್ಲ. ಕೆಸರಿನ ಮೇಲೆಯೇ ಕುಕ್ಕರುಗಾಲಲ್ಲಿ ಕುಳಿತು, "ಚಿಪ್ಪಿಗೆ ನಾವು ಏನೂ ಹಾಕೋದು ಬೇಡ ಅಕ್ಕ. ಕಣ್ಣಿಗೆ ಕಾಣದ ಪಾಚಿ ನೀರಲ್ಲಿ ತೇಲ್ತಾ ಇರುತ್ತೆ, ಚಿಪ್ಪು ಅದನ್ನ ಸೋಸಿ ತಿನ್ನುತ್ತೆ. ಯೂರಿಯಾದಲ್ಲಿ ಇರೋದು ಸಾರಜನಕ. ಅದು ನೀರಿಗೆ ಬಿದ್ರೆ ಪಾಚಿ ಮಿತಿಮೀರಿ ಹುಟ್ಟುತ್ತೆ. ಚಿಪ್ಪು ಎಷ್ಟು ಅಂತ ತಿನ್ನುತ್ತೆ? ಉಳಿದಿದ್ದು ಸತ್ತು ತಳಕ್ಕೆ ಕೂರುತ್ತೆ, ಕೊಳೆಯುತ್ತೆ. ಕೊಳೆಯೋವಾಗ ಕೆಸರಲ್ಲಿರೋ ಆಮ್ಲಜನಕ ಎಲ್ಲಾ ಖಾಲಿ. ಆಮೇಲೆ ಕೆಸರೊಳಗಿನ ಜೀವ ಉಸಿರಾಡೋದು ಹೇಗೆ?" ಎಂದರು.

"ಕಪ್ಪು ಮಣ್ಣು ಒಳ್ಳೇದು ಅಂದ್ಕೊಂಡೆ" ಎಂದಳು ದೊಡ್ಡ ಸೊಸೆ, ದನಿ ಇಳಿಸಿ.

"ತೋಟದಲ್ಲಿ ಒಳ್ಳೇದೇ. ಇಲ್ಲಿ ಕೆಸರಿನ ಮೇಲ್ಗಡೆ ಕಂದು ಬಣ್ಣದ ಸಿಪ್ಪೆ ಇರಬೇಕು. ಆ ಸಿಪ್ಪೆ ಇದ್ರೆ ಕೆಸರು ಉಸಿರಾಡ್ತಾ ಇದೆ ಅಂತ. ಅಲ್ಲಿ ತೀರಾ ಸಣ್ಣ ಜೀವಿಗಳಿರ್ತವೆ. ಸ್ವಲ್ಪ ಸ್ವಲ್ಪ ಸಾರಜನಕ ಬಂದ್ರೆ ಅದನ್ನ ಗಾಳಿ ಮಾಡಿ ಮೇಲಕ್ಕೆ ಬಿಟ್ಟು ಸಮುದ್ರಾನ ಚೊಕ್ಕಟ ಇಡ್ತವೆ. ಹೊರಲಾರದಷ್ಟು ಹೇರಿದ್ರೆ ಅವೂ ಕೈಚೆಲ್ಲಿಬಿಡ್ತವೆ. ಆಗ ಕೆಸರೇ ಸಾರಜನಕಾನ ನೀರಿಗೆ ವಾಪಸ್ ಉಗುಳೋಕೆ ಶುರು ಮಾಡುತ್ತೆ."

"ಹಾಗಾದ್ರೆ ಇವಳ ಚಿಪ್ಪು ಯಾಕೆ ದಪ್ಪ?" ಅಂಥ ಹೊತ್ತಿನಲ್ಲೂ ದೊಡ್ಡ ಸೊಸೆಗೆ ಅದು ಬಿಡಲಿಲ್ಲ. "ಬಕೆಟಲ್ಲಿ ಏನು ತರ್ತಿದ್ದೆ, ಈಗಲಾದ್ರೂ ಬಾಯಿ ಬಿಡು."

ಚಿಕ್ಕ ಸೊಸೆ ಅತ್ತೆಯ ಮುಖ ನೋಡಿ, ಆಮೇಲೆ ಭಾವನ ಮುಖ ನೋಡಿದಳು. "ಏನೂ ತರ್ತಿರಲಿಲ್ಲ ಅಕ್ಕ. ಬರೋವಾಗ ಬಕೆಟ್ ಖಾಲಿ. ಹೋಗೋವಾಗ ಪಾತಿ ಮೇಲಿನ ಪಾಚಿ ಬಾಚಿ ತುಂಬ್ಕೊಂಡು ಹೋಗ್ತಿದ್ದೆ. ಚಿಪ್ಪು ಒತ್ತೊತ್ತಾಗಿರೋ ಕಡೆಯಿಂದ ತೆಗೆದು ದೂರ ದೂರ ಇಡ್ತಿದ್ದೆ. ಅಷ್ಟೇ ನನ್ನ ಗುಟ್ಟು."

"ಅದಕ್ಕೆ ಬಟ್ಟೆ ಯಾಕೆ ಮುಚ್ಚಬೇಕಿತ್ತು?"

"ನಿನಗೆ ಕಾಣಬಾರದು ಅಂತ. ತುಂಬಿದಾಗ ಮಾತ್ರ ಮುಚ್ಚಿದ್ರೆ ಏನೋ ಇದೆ ಅಂತ ಗೊತ್ತಾಗುತ್ತೆ ಅಂತ ಖಾಲಿ ಇದ್ದಾಗಲೂ ಮುಚ್ತಿದ್ದೆ." ಚಿಕ್ಕವಳ ದನಿ ಈಗ ಗಟ್ಟಿಯಾಯಿತು. "ಭಾವನ ತೋಟದ ಸೊಪ್ಪು ನೋಡಿದಾಗೆಲ್ಲ ನನಗೂ ಹೊಟ್ಟೆ ಉರೀತಿತ್ತು. ಆ ಪಾಚಿಯನ್ನ ಹಿತ್ತಲ ಗುಂಡಿಗೆ ಹಾಕಿ ಗೊಬ್ಬರ ಮಾಡ್ತಿದ್ದೀನಿ. ನಿಮಗಿಂತ ಒಳ್ಳೆ ಸೊಪ್ಪು ಬೆಳೆದು ನಿಮ್ಮ ಬಾಗಿಲ ಮುಂದೇನೇ ಹೊತ್ಕೊಂಡು ಹೋಗಬೇಕು ಅಂತಿತ್ತು. ನಿನ್ನ ಪಾತಿ ಕಪ್ಪಾದಾಗ ನನಗೆ ಖುಷಿ ಆಯ್ತು, ಸುಳ್ಳು ಯಾಕೆ ಹೇಳಲಿ."

ದೊಡ್ಡ ಸೊಸೆ ಅವಳನ್ನೇ ದಿಟ್ಟಿಸಿದಳು. ಅಷ್ಟು ವರ್ಷದಲ್ಲಿ ಮೊದಲ ಸಲ ಓರಗಿತ್ತಿ ತನ್ನ ಹಾಗೇ ಇರುವ ಹೆಂಗಸು ಎಂದು ಅವಳಿಗೆ ಕಂಡಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಂದು ಬಗೆಯ ಸಮಾಧಾನವೇ ಆಯಿತು.

"ಅವಳ ಪಾತಿ ಮೇಲೂ ಪಾಚಿ ಯಾಕೆ ಬರ್ತಿತ್ತು?" ಎಂದು ಅತ್ತೆ ಕೇಳಿದರು. "ಅವಳಂತೂ ಉಂಡೆ ಊರಿಲ್ಲ."

ಮೇಡಂ ಹೊಳೆಯ ಕಡೆ ಕೈ ತೋರಿಸಿದರು. "ಅದು ಮೇಲಿಂದ ಬರ್ತಿದೆ. ತೋಟದ ಗೊಬ್ಬರ, ಕೊಟ್ಟಿಗೆ ತೊಳೆದ ನೀರು, ಶೌಚದ ಗುಂಡಿಯ ಸೋರಿಕೆ, ಮೋರಿ ನೀರು. ಎಲ್ಲದರಲ್ಲೂ ಸಾರಜನಕ ಇದೆ, ಎಲ್ಲಾ ಹೊಳೆಗೆ, ಹೊಳೆಯಿಂದ ಇಲ್ಲಿಗೆ."

ಇಷ್ಟು ಹೊತ್ತು ಹಿಂದೆ ನಿಂತಿದ್ದ ತೋಟದವನು ಮುಂದೆ ಬಂದ. "ಮೇಡಂ, ಉಂಡೆ ಊರಿದ್ದು ನಮ್ಮ ತಪ್ಪು, ಒಪ್ಕೊಂಡೆ. ಆದ್ರೆ ತೋಟಕ್ಕೆ ಎರಚೋ ಒಂದು ಹಿಡಿ ಯೂರಿಯಾದಿಂದ ಸಮುದ್ರ ಕೆಡುತ್ತೆ ಅಂದ್ರೆ ನಂಬೋ ಮಾತಾ? ಸಮುದ್ರ ಎಷ್ಟು ದೊಡ್ಡದು."

"ಸಮುದ್ರ ದೊಡ್ಡದು. ಆದ್ರೆ ನಿಮ್ಮ ಹೊಳೆ ತಂದಿದ್ದು ಮೊದಲು ಕೂರೋದು ಈ ಬಯಲಿನ ಮೇಲೆ. ಅಣ್ಣ, 'ಒಂದೇ ಹಿಡಿ' ಅನ್ನೋರು ಹೊಳೆಯುದ್ದಕ್ಕೂ ಎಷ್ಟು ಜನ ಇದ್ದಾರೆ ಹೇಳಿ."

"ನಾನು ಹಾಕಿದ್ದನ್ನ ನನ್ನ ಸೊಪ್ಪು ತಿಂದಿದೆ. ಹೊಳೆಗೆ ಯಾಕೆ ಹೋಗುತ್ತೆ?"

"ನೋಡೇಬಿಡೋಣ ಬನ್ನಿ."

ಎಲ್ಲರೂ ಹೊಳೆಯ ದಂಡೆ ಹಿಡಿದು ಹೊರಟರು. ಹಿಂದಿನ ದಿನ ಮಳೆ ಬಿದ್ದಿತ್ತು, ತೋಟದ ಕಾಲುವೆಯಿಂದ ನೀರು ಇನ್ನೂ ಹೊಳೆಗೆ ಇಳಿಯುತ್ತಿತ್ತು. ಮೇಡಂ ಚೀಲದಿಂದ ಸಣ್ಣ ಕಾಗದದ ಪಟ್ಟಿಗಳನ್ನು ತೆಗೆದರು. ನೀರಲ್ಲಿ ಸಾರಜನಕ ಹೆಚ್ಚಿದ್ದಷ್ಟೂ ಪಟ್ಟಿಯ ಗುಲಾಬಿ ಬಣ್ಣ ಗಾಢವಾಗುತ್ತದೆ ಎಂದರು. ಮೊದಲು ಮೇಲಿನ ನೆರೆಯವನ ತೋಟದ ಕಾಲುವೆಯಲ್ಲಿ ಅದ್ದಿದರು. ಪಟ್ಟಿ ತಿಳಿಗುಲಾಬಿಯಾಯಿತು. ಆಮೇಲೆ ಇವನ ಕಾಲುವೆಯಲ್ಲಿ ಅದ್ದಿದರು. ನೋಡುತ್ತಿದ್ದಂತೆ ಕಡುಗೆಂಪಿಗೆ ತಿರುಗಿತು.

ತೋಟದವನು ಎರಡೂ ಪಟ್ಟಿಗಳನ್ನು ಹಿಡಿದು ನಿಂತ. "ಅವನದು ಯಾಕೆ ತಿಳಿಯಾಗಿದೆ?" ಎಂದು ಕೇಳಿದ. ಸಮುದ್ರದ ಚಿಂತೆ ಅವನ ದನಿಯಲ್ಲಿರಲಿಲ್ಲ, ನೆರೆಯವನ ಚಿಂತೆ ಇತ್ತು.

"ಅವರು ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಹಾಕ್ತಾರೆ. ಒಂದೇ ಸಲ ಸುರಿಯಲ್ಲ, ಸ್ವಲ್ಪ ಸ್ವಲ್ಪ ಕೊಡ್ತಾರೆ. ಮಳೆ ಮೋಡ ಕಂಡ್ರೆ ಚೀಲ ಬಿಚ್ಚೋದೇ ಇಲ್ಲ. ಆಮೇಲೆ ಆ ದಂಡೆ ನೋಡಿ, ಹೊಳೆಯುದ್ದಕ್ಕೂ ಹುಲ್ಲು ಬಿಟ್ಟಿದ್ದಾರೆ. ತಪ್ಪಿಸಿಕೊಂಡು ಬಂದ ಗೊಬ್ಬರಾನ ಆ ಹುಲ್ಲು ಹಿಡ್ಕೊಳ್ಳುತ್ತೆ."

"ಅವನ ಸೊಪ್ಪು ನನ್ನದಕ್ಕಿಂತ ಏನೂ ಕಡಿಮೆ ಇಲ್ಲ."

"ಇಲ್ಲ. ಅವರು ಹಾಕಿದ್ದು ಅವರ ಸೊಪ್ಪಿಗೆ ಹೋಯ್ತು. ನೀವು ಹಾಕಿದ್ದು ನಿಮ್ಮ ಹೆಂಡತಿ ಪಾತಿಗೆ ಹೋಯ್ತು."

ತೋಟದವನ ಮುಖ ಹುಳ್ಳಗಾಯಿತು. ಇಷ್ಟು ವರ್ಷ ತಾನು ಬೆನ್ನು ಬಗ್ಗಿಸಿ ಎರಚಿದ್ದು ಹೊಳೆಯ ಪಾಲಾಯಿತು, ನೆರೆಯವನು ಕಡಿಮೆ ಹಾಕಿಯೂ ಅಷ್ಟೇ ಬೆಳೆದ ಎಂಬುದು ಅವನ ಹೊಟ್ಟೆಗೆ ನೇರವಾಗಿ ತಾಗಿತು. ಆ ಹುಲ್ಲಿನ ದಂಡೆಯನ್ನು ಅವನು ನೋಡಿದ ರೀತಿ ನೋಡಿದವರಿಗೆ, ಇವನು ನಾಳೆಯೇ ಹುಲ್ಲು ಬಿಡುತ್ತಾನೆ ಎಂದು ಖಾತ್ರಿಯಾಯಿತು.

ಶೆಡ್ಡಿಗೆ ವಾಪಸಾದ ಮೇಲೆ ಒಬ್ಬಾಕೆ ಕಟ್ಟಳೆಯ ಮಾತು ತೆಗೆದಳು. ಕೆಸರು ಕೆಡಿಸಿದ್ದು ಯಾರು ಎಂದು ಈಗ ಎಲ್ಲರಿಗೂ ಗೊತ್ತಾಗಿತ್ತು. ಓರಗಿತ್ತಿಯ ಪಾತಿ ಕಿತ್ತುಕೊಳ್ಳಿ ಎಂದು ಕೂಗಿದ ಬಾಯಿ ಈಗ ಒಣಗಿತ್ತು.

"ಕಟ್ಟಳೆ ಕಟ್ಟಳೆಯೇ" ಎಂದರು ಅತ್ತೆ. "ದೊಡ್ಡೋಳ ಪಾತಿ ತಗೊಳ್ಳಿ. ಆದ್ರೆ ಮೇಡಂ, ನನ್ನ ಪಾತಿಗೂ ಒಂದು ಕೊಳವೆ ಇಳಿಸಿ. ಚಿಕ್ಕೋಳದಕ್ಕೂ. ಇಲ್ಲಿ ಕೂತಿರೋ ಎಲ್ಲರದಕ್ಕೂ."

ನೀರು ಏರುವ ಮೊದಲು ಮೇಡಂ ಕೆಲವು ಪಾತಿಗಳ ಕೆಸರು ತೆಗೆದು ತೊಟ್ಟಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದರು. ಒಂದರಲ್ಲೂ ದೊಡ್ಡ ಸೊಸೆಯ ಪಾತಿಯಷ್ಟು ಮಸಿ ಇರಲಿಲ್ಲ. ಆದರೆ ಕಂದು ಸಿಪ್ಪೆ ಎಲ್ಲದರಲ್ಲೂ ಕಾಗದದಷ್ಟು ತೆಳ್ಳಗಿತ್ತು, ಅದರಡಿಯಲ್ಲಿ ಕಪ್ಪು. ಅತ್ತೆಯ ಪಾತಿಯ ಕೊಳವೆಯ ತೀರಾ ತಳದಲ್ಲಿ ತಿಳಿಬೂದು ಕೆಸರೂ ಹಳೆಯ ದಪ್ಪ ಚಿಪ್ಪಿನ ಚೂರೊಂದೂ ಇದ್ದವು.

"ಇದು ನೀವು ಈ ಮನೆಗೆ ಮದುವೆ ಆಗಿ ಬಂದ ಕಾಲದ್ದು ಇರಬಹುದು" ಎಂದರು ಮೇಡಂ. "ಆಗ ಹೊಳೆಗೆ ಇಷ್ಟು ಬೀಳ್ತಿರಲಿಲ್ಲ."

ಅತ್ತೆ ಆ ಚೂರನ್ನು ಕೊಳವೆಯ ಹೊರಗಿನಿಂದಲೇ ಬೆರಳಿನಿಂದ ಸವರಿದರು. ಆಮೇಲೆ ಎಲ್ಲರನ್ನೂ ನೋಡಿ, "ಇವಳು ಒಂದು ತಿಂಗಳಲ್ಲಿ ಮಾಡಿದ್ದನ್ನ ನಾವೆಲ್ಲಾ ಸೇರಿ ಇಷ್ಟು ವರ್ಷದಲ್ಲಿ ಮಾಡಿದ್ದೀವಿ. ನಿನ್ನ ಕೊಟ್ಟಿಗೆ ನೀರು ಎಲ್ಲಿಗೆ ಹೋಗುತ್ತೆ? ನಿನ್ನ ಮೋರಿ? ನನ್ನದೂ ಹೊಳೆಗೇ. ಕಟ್ಟಳೆ ಪ್ರಕಾರ ಪಾತಿ ಯಾರಿಗೆ ಉಳಿಯುತ್ತೆ ಹೇಳಿ" ಎಂದರು.

ಕಟ್ಟಳೆ ತೆಗೆದಾಕೆ ಪೈಪಿನ ಗಂಟು ಬಿಡಿಸುವುದರಲ್ಲಿ ಮಗ್ನಳಾದಳು.

ಬಹಳ ಹೊತ್ತು ವಾದ ನಡೆದು ಒಂದು ತೀರ್ಮಾನ ಆಯಿತು. ದೊಡ್ಡ ಸೊಸೆ ಉಂಡೆಗಳನ್ನೂ ಸತ್ತ ಚಿಪ್ಪುಗಳನ್ನೂ ಪಾಚಿಯನ್ನೂ ಕೈಯಾರೆ ತೆಗೆಯಬೇಕು. ನೀರು ಸಲೀಸಾಗಿ ಆಡಲು ಬಲೆ ಬಿಚ್ಚಬೇಕು. ಮಳೆಗಾಲ ಕಳೆಯುವವರೆಗೆ ಪಾತಿಯನ್ನು ಮುಟ್ಟಬಾರದು. ಆಗ ಮತ್ತೆ ಕೊಳವೆ ಇಳಿಸುವುದು. ಕಂದು ಸಿಪ್ಪೆ ಬಂದಿದ್ದರೆ ಪಾತಿ ಅವಳದು, ಬಾರದಿದ್ದರೆ ಸಂಘದ್ದು. ಅಲ್ಲಿಯವರೆಗೆ ಅವಳು ಚಿಕ್ಕ ಸೊಸೆಯ ಪಾತಿಯಲ್ಲಿ ಪಾಲಿಗೆ ದುಡಿಯಬೇಕು.

ಆ ಕೊನೆಯ ಮಾತು ಅವಳಿಗೆ ಪಾತಿ ಕಳೆದುಕೊಂಡದ್ದಕ್ಕಿಂತ ಕಹಿಯಾಯಿತು. ದಿನವೂ ಓರಗಿತ್ತಿಯ ಕೆಸರಲ್ಲಿ ಬಗ್ಗಿ, ಅಂಗೈ ತುಂಬುವ ಚಿಪ್ಪುಗಳನ್ನು ತೆಗೆದು ಓರಗಿತ್ತಿಯ ಬುಟ್ಟಿಗೆ ಹಾಕುವುದು ಅಂದರೆ ಎಂಥ ಶಿಕ್ಷೆ ಎಂದು ಹೊಟ್ಟೆಕಿಚ್ಚಿನವರಿಗೇ ಗೊತ್ತು. ಮೊದಲ ವಾರ ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೆಲಸ ಮಾಡಿದರು. ಎರಡನೆಯ ವಾರ ಚಿಕ್ಕವಳು, "ಅಕ್ಕ, ಅಲ್ಲಿ ಒತ್ತಾಗಿದೆ, ಬಿಡಿಸಿ ಇಡು" ಎಂದಳು. "ಗೊತ್ತು ಬಿಡು" ಎಂದು ಸಿಡುಕಿದಳು ಇವಳು, ಆದರೂ ಬಿಡಿಸಿ ಇಟ್ಟಳು. ಪಾಚಿ ತುಂಬಿದ ಬಕೆಟನ್ನು ಇಬ್ಬರೂ ಒಂದೊಂದು ಕಡೆ ಹಿಡಿದು ಹೊತ್ತರು. ಒಬ್ಬಳೇ ಹೊರಲಾರದಷ್ಟು ಭಾರವಿತ್ತು, ಬೇರೆ ದಾರಿ ಇರಲಿಲ್ಲ.

ಮನೆಯಲ್ಲಿ ತೋಟದವನು ಮಣ್ಣು ಪರೀಕ್ಷೆಗೆ ಕೊಟ್ಟ. ಯೂರಿಯಾ ಅರ್ಧಕ್ಕಿಳಿಸಿದ. ಹೊಳೆ ದಂಡೆಯಲ್ಲಿ ಹುಲ್ಲು ಬಿಟ್ಟ, ನೆರೆಯವನದಕ್ಕಿಂತ ಅಗಲವಾಗಿಯೇ ಬಿಟ್ಟ. ಸೊಪ್ಪು ಸೊರಗುತ್ತದೆ ಎಂದು ದಿನಾ ಹೋಗಿ ನೋಡುತ್ತಿದ್ದ, ಸೊರಗಲಿಲ್ಲ. ಚಿಕ್ಕ ಸೊಸೆ ತನ್ನ ಗುಂಡಿಯ ಪಾಚಿ ಗೊಬ್ಬರದಲ್ಲಿ ಒಂದು ಪಾಲು ಅವನಿಗೂ ಕೊಟ್ಟಳು. ಕೊಡುವಾಗ ಮುಖ ಸಿಂಡರಿಸಿದ್ದು ನಿಜ. ಊರ ಬೇರೆ ಮನೆಯವರೂ ಒಬ್ಬೊಬ್ಬರಾಗಿ ಕೊಟ್ಟಿಗೆಯ ನೀರನ್ನು ಗೊಬ್ಬರದ ಗುಂಡಿಗೆ ತಿರುಗಿಸಿದರು, ಮೋರಿಗೆ ಇಂಗುಗುಂಡಿ ತೋಡಿದರು. ಎಲ್ಲರೂ ತಿದ್ದಿಕೊಂಡರು ಎಂದು ಹೇಳಲಾರೆ. ಇನ್ನೂ ಕೆಲವರು ನಾಳೆ ನಾಳೆ ಎನ್ನುತ್ತಿದ್ದಾರೆ.

ಮಳೆಗಾಲ ಕಳೆದು ಮೇಡಂ ಬಂದರು. ಸಂಘವಿಡೀ ಬಯಲಿಗಿಳಿಯಿತು. ಕೊಳವೆ ಕೆಸರಿಗೆ ಇಳಿಯುವಾಗ ದೊಡ್ಡ ಸೊಸೆ ಆ ಕಡೆ ನೋಡಲಿಲ್ಲ, ಕಡಲಿನತ್ತ ಮುಖ ಮಾಡಿ ನಿಂತಿದ್ದಳು.

"ಅಕ್ಕ, ತಿರುಗಿ ನೋಡಿ" ಎಂದರು ಮೇಡಂ.

ಕಪ್ಪು ಇನ್ನೂ ಇತ್ತು. ಅದು ಒಂದು ಮಳೆಗಾಲಕ್ಕೆ ಹೋಗುವಂಥದ್ದಲ್ಲ ಎಂದು ಮೇಡಂ ಮೊದಲೇ ಹೇಳಿದ್ದರು. ಆದರೆ ಅದರ ಮೇಲೆ ಕಂದು ಸಿಪ್ಪೆ ಕೂತಿತ್ತು, ಬೆರಳ ಉಗುರಿನಷ್ಟು ದಪ್ಪ. ಕೊಳವೆಯ ಬಾಯಲ್ಲಿ, ಆ ಸಿಪ್ಪೆಯೊಳಗೆ, ಒಂದು ಬೇಳೆ ಕಾಳಿನಷ್ಟು ದೊಡ್ಡ ಮರಿಚಿಪ್ಪು. ಮೇಡಂ ಕಡ್ಡಿಯ ತುದಿ ತಾಗಿಸಿದರು. ಅದು ಪಟ್ಟನೆ ಬಾಯಿ ಮುಚ್ಚಿಕೊಂಡಿತು.

"ನಾನು ಮರಿ ಬಿಟ್ಟಿಲ್ಲ" ಎಂದಳು ದೊಡ್ಡ ಸೊಸೆ, ಗಾಬರಿಯಿಂದ, ಮತ್ತೆ ಯಾರಾದರೂ ತನ್ನನ್ನು ಹಿಡಿದಾರು ಎಂಬಂತೆ.

"ಬಿಡಬೇಕಾಗಿಲ್ಲ. ಚಿಪ್ಪಿನ ಮರಿಗಳು ಮೊದಲು ನೀರಲ್ಲಿ ತೇಲ್ತವೆ, ಕೂರೋಕೆ ಒಳ್ಳೆ ಕೆಸರು ಸಿಕ್ಕಲ್ಲಿ ಕೂರ್ತವೆ. ಇದರ ತಾಯಿ ಪಕ್ಕದ ಪಾತೀದೇ ಇರಬೇಕು."

ದೊಡ್ಡ ಸೊಸೆ ಪಕ್ಕದ ಪಾತಿಯನ್ನು ನೋಡಿದಳು. ಅಲ್ಲಿ ನಿಂತಿದ್ದ ಓರಗಿತ್ತಿಯನ್ನು ನೋಡಿದಳು. ಅವಳ ದಪ್ಪ ಚಿಪ್ಪುಗಳನ್ನು ಕಂಡು ಎಷ್ಟು ದಿನ ಕರುಬಿದ್ದಳೋ, ಅದೇ ಚಿಪ್ಪುಗಳ ಮರಿ ತನ್ನ ಪಾತಿಗೆ ಬಂದು ಕೂತಿತ್ತು. ಓರಗಿತ್ತಿಯ ಪಾತಿಯೂ ಸತ್ತಿದ್ದರೆ, ಆ ದಿನ ಶೆಡ್ಡಿನಲ್ಲಿ ಕೂಗಿದ ಹಾಗೆ ಅದನ್ನು ಕಿತ್ತುಕೊಂಡಿದ್ದರೆ, ತನ್ನ ಕೆಸರು ಎಷ್ಟು ಕಂದಾದರೂ ಖಾಲಿಯೇ ಇರುತ್ತಿತ್ತು. ಇದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ನಿನ್ನದಂತೆ" ಎಂದಳು.

"ನಿನ್ನ ಪಾತಿಗೆ ಬಂದಿದೆ, ನಿನ್ನದೇ ಬಿಡು ಅಕ್ಕ" ಎಂದಳು ಚಿಕ್ಕ ಸೊಸೆ. ಆಮೇಲೆ ಕೊಳವೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಅವಳ ಹುಬ್ಬು ಗಂಟಿಕ್ಕಿತು. "ಮೇಡಂ, ಇವಳ ಸಿಪ್ಪೆ ನನ್ನ ಪಾತೀದಕ್ಕಿಂತ ದಪ್ಪ ಇದೆಯಲ್ಲ. ಅದು ಹೇಗೆ?"

ದೊಡ್ಡ ಸೊಸೆ ಅಷ್ಟು ದಿನದ ಮೇಲೆ ನಕ್ಕಳು. ಮರಿಚಿಪ್ಪನ್ನು ಕೆಸರಿನ ಸಮೇತ ಅಂಗೈಗೆ ತೆಗೆದುಕೊಂಡು, ತನ್ನ ಪಾತಿಯಲ್ಲಿ ಬೆರಳಿನಿಂದ ಗುಳಿ ಮಾಡಿ, ಮೆಲ್ಲಗೆ ಇಟ್ಟಳು.

ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಊರು ಕಡಲಿನಿಂದ ಎಷ್ಟು ದೂರವಾದರೂ ಇರಲಿ, ನಿಮ್ಮ ತೋಟದ ಕಾಲುವೆ, ಮನೆಯ ಮೋರಿ, ಕೊಟ್ಟಿಗೆಯ ನೀರು ಎಲ್ಲಿಗೆ ಹೋಗುತ್ತವೆ ಎಂದು ಇವತ್ತು ಒಮ್ಮೆ ಅದರ ಜೊತೆಗೇ ನಡೆದು ನೋಡಿ. ಗೊಬ್ಬರವನ್ನು ಬೆಳೆಗೆ ಬೇಕಾದಷ್ಟೇ ಕೊಡಿ, ಮಳೆಗೆ ಮುಂಚೆ ಕೊಡಬೇಡಿ, ನೀರಿನ ದಂಡೆಗೆ ಹುಲ್ಲು ಬಿಡಿ, ಕೊಳಕನ್ನು ಗುಂಡಿಗೆ ತಿರುಗಿಸಿ. ಹೊಟ್ಟೆಕಿಚ್ಚು ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಯಾರು ಕೇಳುತ್ತೀರಿ? ಪಡಿ. ಪಕ್ಕದವರ ದಂಡೆಯ ಹುಲ್ಲು ನೋಡಿ ಪಡಿ, ಅವರ ಕಾಲುವೆಯ ತಿಳಿನೀರು ನೋಡಿ ಪಡಿ. ಆದರೆ ಅವರ ಪಾತಿ ಹಾಳಾಗಲಿ ಎಂದು ಮಾತ್ರ ಬಯಸಬೇಡಿ, ನಿಮ್ಮ ಪಾತಿಗೆ ಮರಿ ಬರಬೇಕಾದದ್ದು ಅಲ್ಲಿಂದಲೇ.